ಕವಿಯ ಹೆಸರು ಮುಖಪುಟಕ್ಕೆ, ಮೊಳೆ ಜೋಡಿಸಿದವನ ಹೆಸರು ಎಲ್ಲಿಗೆ?

ಸಂಪಾದಕರಿಗೆ,

ಮಾನ್ಯರೇ,

ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಯಾರಾದರೊಬ್ಬ ಕವಿಯ ಮನೆ ಮೇಲೆಯೇ ಬೀಳುತ್ತದೆ ಎಂಬ ನಗೆಮಾತು ಹಳೆಯದು. ಅದರಲ್ಲಿ ಸುಳ್ಳೇನೂ ಇಲ್ಲ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇಲ್ಲಿ, 1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆ ಶುರುವಾದದ್ದು ಇಲ್ಲಿ, ಬೇಂದ್ರೆಯವರು ಬಾಳಿದ ಸಾಧನಕೇರಿ ಇರುವುದೂ ಇಲ್ಲಿ. 2023ರಲ್ಲಿ ಕೇರಳದ ಕೋಳಿಕ್ಕೋಡ್ ಯುನೆಸ್ಕೊದ 'ಸಾಹಿತ್ಯ ನಗರ' ಪಟ್ಟಿಗೆ ಸೇರಿದಾಗ, ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ಊರು ಅದಾದಾಗ, ನಮ್ಮೂರಿಗೆ ಯಾಕಿಲ್ಲ ಎಂದು ಧಾರವಾಡದವರಿಗೆ ಅನಿಸಿದ್ದರೆ ಅದೂ ಸಹಜವೇ.

ನಮ್ಮ ತಕರಾರು ಆ ಹೆಸರಿನ ಮೇಲಲ್ಲ, ಅದನ್ನು ಬರೆದಿಡುವ ರೀತಿಯ ಮೇಲೆ. ಫಲಕ, ಭವನ, ಪ್ರವಾಸಿ ಕೈಪಿಡಿ, ಸ್ಮರಣ ಸಂಚಿಕೆ ಯಾವುದನ್ನೇ ತೆಗೆದು ನೋಡಿ, ಬರೆದವರ ಹೆಸರು ಇರುತ್ತದೆ. ಬರೆದದ್ದನ್ನು ಪುಸ್ತಕ ಮಾಡಿದವರ, ಆ ಮಾತನ್ನು ಮೊದಲು ಹಾಡಿದವರ, ಊರಿನ ಹೆಸರನ್ನು ಬಟ್ಟೆ, ದಾರ, ಹಾಲಿನಲ್ಲಿ ಹೊರಗೆ ಕಳಿಸಿದವರ ಹೆಸರು ಇರುವುದಿಲ್ಲ. ಕೇಳಿದರೆ ಸಿದ್ಧ ಉತ್ತರವೊಂದಿದೆ: ಧಾರವಾಡ ಓದುವವರ ಊರು, ಹುಬ್ಬಳ್ಳಿ ದುಡಿಯುವವರ ಊರು. 1962ರಲ್ಲಿ ಎರಡೂ ಸೇರಿ ಒಂದೇ ಮಹಾನಗರ ಪಾಲಿಕೆಯಾದರೂ ಈ ಗೆರೆ ಅಳಿಯಲಿಲ್ಲ. ಗೆರೆ ಎಳೆದವರು ಎರಡೂ ಕಡೆ ಸರಿಯಾಗಿ ನೋಡಿಲ್ಲ. 1921ರಲ್ಲಿ 'ಕರ್ಮವೀರ' ಪತ್ರಿಕೆ ಧಾರವಾಡದಲ್ಲಿ ಹೊರಟಿತು, 1956ರಲ್ಲಿ 'ಕಸ್ತೂರಿ' ಪತ್ರಿಕೆ ಹುಬ್ಬಳ್ಳಿಯಲ್ಲಿ ಹೊರಟಿತು. ಎರಡಕ್ಕೂ ಸೀಸದ ಮೊಳೆ, ಅಂದರೆ ಎರಕ ಹೊಯ್ದ ಅಚ್ಚಿನ ಅಕ್ಷರ, ಬೇಕಿತ್ತು, ಆ ಮೊಳೆಗೆ ಕೈ ಬೇಕಿತ್ತು. ಓದುವ ಊರಿನಲ್ಲಿ ದುಡಿಯುವವರಿದ್ದರು, ದುಡಿಯುವ ಊರಿನಲ್ಲಿ ಓದುವವರಿದ್ದರು.

ಮೊದಲು ಛಾಪಖಾನೆಯ ಮಾತು. ಸಾಹಿತ್ಯದ ಊರಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮರೆತುಹೋದದ್ದು ಇದೇ.

ಆಫ್‌ಸೆಟ್ ಮುದ್ರಣ ಬರುವ ಮುಂಚೆ ಒಂದು ಕವನ ಸಂಕಲನ ಹೇಗೆ ಆಗುತ್ತಿತ್ತು ನೋಡಿ. ಕಂಪೋಜಿಟರ್, ಅಂದರೆ ಮೊಳೆ ಜೋಡಿಸುವವನು, ಎಡಗೈಯಲ್ಲಿ ಸ್ಟಿಕ್ಕು ಎಂಬ ಸಣ್ಣ ತಟ್ಟೆ ಹಿಡಿದು, ಎದುರಿನ ಕೇಸು ಎಂಬ ಪೆಟ್ಟಿಗೆಯ ಖಾನೆಗಳಿಂದ ಬಲಗೈಯಲ್ಲಿ ಒಂದೊಂದೇ ಮೊಳೆ ಎತ್ತಿ ಇಡುತ್ತಿದ್ದ. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಸ್ಟಿಕ್ಕಿನಲ್ಲಿ ಸಾಲು ಎಡದಿಂದ ಬಲಕ್ಕೇ ಸಾಗುತ್ತದೆ, ಆದರೆ ತಲೆಕೆಳಗಾಗಿ. ಹೀಗಾಗಿ ಅವನು ಪದ್ಯವನ್ನು ಓದುತ್ತಿದ್ದುದು ಕವಿ ಕಂಡಿರದ ಒಂದು ಕೋನದಿಂದ. ಮೊಳೆಯ ಮೈಮೇಲೆ ಕೊರೆದ ಸಣ್ಣ ಗೀರೊಂದು ಇರುತ್ತದೆ. ಅದು ಹೆಬ್ಬೆರಳಿಗೆ ತಾಗಿದರೆ ಮೊಳೆ ಸರಿಯಾಗಿ ಕೂತಿದೆ ಎಂದು ಲೆಕ್ಕ, ಕಣ್ಣು ಹಸ್ತಪ್ರತಿಯ ಮೇಲೆಯೇ ಇರಬಹುದು.

ಕನ್ನಡಕ್ಕೆ ಈ ಕೆಲಸ ಇಂಗ್ಲಿಷಿಗಿಂತ ಎಷ್ಟೋ ಪಾಲು ದೊಡ್ಡದು. 'ಕಿ', 'ಗಿ', 'ತಿ' ಇವಕ್ಕೆ ಗುಡಿಸು ಸೇರಿಸಿಯೇ ಎರಕ ಹೊಯ್ದ ಮೊಳೆ ಬೇರೆ, ದೀರ್ಘಕ್ಕೆ ಬೇರೆ, ಕೊಂಬಿಗೆ ಬೇರೆ, ಸೊನ್ನೆಗೆ ಬೇರೆ, ಅರ್ಕಾವತ್ತಿಗೆ ಬೇರೆ. ಅಕ್ಷರದ ಬಗಲಿಗೆ, ತುಸು ಕೆಳಗೆ ಕೂರುವ ಪ್ರತಿಯೊಂದು ಒತ್ತಿಗೂ ಅದರದೇ ಮೊಳೆ. ಖಾನೆಗಳು ನೂರಾರಾಗುತ್ತವೆ. ಯಾವುದು ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಿರಬೇಕೇ ಹೊರತು ಹುಡುಕಿಕೊಂಡು ಕೂರುವಂತಿಲ್ಲ.

ಇಲ್ಲಿ ವಿಮರ್ಶಕರು ಯಾರೂ ಎತ್ತದ ಒಂದು ಸಂಗತಿಯಿದೆ. ಧಾರವಾಡದ ಕಾವ್ಯದ ಹೆಗ್ಗಳಿಕೆ ಎಂದರೆ ಆಡುಮಾತು. ಆ ಆಡುಮಾತಿನ ಬೆಲೆ ತೆತ್ತವನು ಕಂಪೋಜಿಟರ್. 'ಮಾಡಲಿಕ್ಕೆ' ಎಂದು ಗ್ರಂಥಸ್ಥ ಕನ್ನಡದಲ್ಲಿ ಬರೆದರೆ ಒಂದು ಒತ್ತು ಸಾಕು. 'ಮಾಡ್ಲಿಕ್ಕ' ಎಂದರೆ ಎರಡು. 'ಬರ್ತೇನ್ರಿ', 'ಕುಂತ್ಕೊಂಡ' ಎಂದು ಹೋದಂತೆಲ್ಲ ಸ್ವರ ಉದುರುತ್ತದೆ, ವ್ಯಂಜನಗಳು ಒಂದರ ಕಾಲಿಗೊಂದು ಬೀಳುತ್ತವೆ, ಒತ್ತಿನ ಮೊಳೆಗಳು ಖಾನೆಯಲ್ಲಿ ಬೇಗ ಬರಿದಾಗುತ್ತವೆ. ಬರಿದಾದರೆ ಎರಡೇ ದಾರಿ: ಮೊಳೆ ಎರಕ ಹೊಯ್ಯುವ ಫೌಂಡ್ರಿಯಿಂದ ತರಿಸುವುದು, ಇಲ್ಲವೇ ಅಚ್ಚಾದ ಪುಟವನ್ನು ಬಿಚ್ಚಿ ಮೊಳೆ ವಾಪಸು ಪಡೆಯುವುದು. ನುಡಿಯ ಲಯವನ್ನು ಕವಿ ಕಿವಿಯಿಂದ ಅಳೆದ, ಕಂಪೋಜಿಟರ್ ಖಾನೆಯಲ್ಲಿ ಉಳಿದ ಒತ್ತುಗಳಿಂದ ಅಳೆದ.

ಸವೆದ ಮೊಳೆಯ ಕಾಟ ಇನ್ನೊಂದು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವೆ ಇರುವುದು ಒಂದು ಸಣ್ಣ ಸೀಳು. ಸಾವಿರಾರು ಸಲ ಕಾಗದಕ್ಕೆ ಒತ್ತಿ ಒತ್ತಿ ಆ ಸೀಳು ಸವೆದರೆ, ಅಥವಾ ಅದರಲ್ಲಿ ಮಸಿ ತುಂಬಿಕೊಂಡರೆ, ಧಾರವಾಡ 'ದಾರವಾಡ'ವಾಗುತ್ತದೆ. ಊರಿನ ಹೆಸರನ್ನೇ ತಪ್ಪು ಅಚ್ಚು ಹಾಕಿದರು ಎಂದು ಬೈಯುವವರಿಗೆ ಅದು ಕಂಪೋಜಿಟರ್‌ನ ಕಾಗುಣಿತದ ತಪ್ಪಲ್ಲ, ಮಾಲೀಕರು ಹೊಸ ಮೊಳೆ ತರಿಸದ ತಪ್ಪು ಎಂದು ಗೊತ್ತಿರುವುದಿಲ್ಲ. ಕನ್ನಡದ ಒಂಬತ್ತರ ಅಂಕಿಯೂ (೯) ಅರ್ಕಾವತ್ತೂ ನೋಡಲು ಒಂದೇ ತೆರ. ಬಿಚ್ಚಿ ಹಾಕುವಾಗ ಕೈತಪ್ಪಿ ಒಂದರ ಖಾನೆಗೆ ಇನ್ನೊಂದು ಬಿದ್ದರೆ ಆ ತಪ್ಪು ಹೊರಬರುವುದು ಈ ಪುಸ್ತಕದಲ್ಲಲ್ಲ, ಮುಂದಿನ ಪುಸ್ತಕದಲ್ಲಿ.

ಲೆಕ್ಕಕ್ಕೆ ಬರೋಣ. ಡೆಮಿ 1/8 ಆಕಾರದ 160 ಪುಟದ ಒಂದು ಪುಸ್ತಕ, 1000 ಪ್ರತಿ ಎಂದಿಟ್ಟುಕೊಳ್ಳಿ. ಹದಿನೇಳೂವರೆ ಅಂಗುಲಕ್ಕೆ ಇಪ್ಪತ್ತೆರಡೂವರೆ ಅಂಗುಲದ ಡೆಮಿ ಹಾಳೆಯೊಂದರಲ್ಲಿ ಎರಡೂ ಮಗ್ಗುಲು ಸೇರಿ 16 ಪುಟ ಕೂರುತ್ತವೆ. ಅದೇ ಒಂದು ಫಾರಂ. 160 ಪುಟಕ್ಕೆ 10 ಫಾರಂ, 1000 ಪ್ರತಿಗೆ 10,000 ಹಾಳೆ, ಅಂದರೆ 500 ಹಾಳೆಯ 20 ರೀಮು, ಹಾಳಾಗುವ ಹಾಳೆ ಬೇರೆ. ತುಂಬಿ ಜೋಡಿಸಿದ ಗದ್ಯದ ಒಂದು ಪುಟದ ಸೀಸವೇ ಸುಮಾರು ಮೂರು, ಮೂರೂವರೆ ಕಿಲೋ ತೂಗುತ್ತದೆ. ಒಂದು ಫಾರಂ ಕಟ್ಟಿಟ್ಟರೆ ಅರ್ಧ ಕ್ವಿಂಟಲ್. ಹತ್ತೂ ಫಾರಂ ಒಟ್ಟಿಗೆ ಕಟ್ಟಿಡುವಷ್ಟು ಮೊಳೆ ಸಣ್ಣ ಪ್ರೆಸ್ಸುಗಳಲ್ಲಿ ಇರುತ್ತಿರಲಿಲ್ಲ. ಆದ್ದರಿಂದ ಒಂದು ಫಾರಂ ಜೋಡಿಸು, ಕರಡು ತೆಗೆ, ತಿದ್ದು, ಅಚ್ಚು ಹಾಕು, ಬಿಚ್ಚಿ ಮೊಳೆಗಳನ್ನು ಖಾನೆಗೆ ಸೇರಿಸು, ಮತ್ತೆ ಮುಂದಿನ ಫಾರಂ ಜೋಡಿಸು. ಕರಡು ತಿದ್ದಲು ಲೇಖಕರು ಹದಿನೈದು ದಿನ ತಡ ಮಾಡಿದರೆ ಅರ್ಧ ಕ್ವಿಂಟಲ್ ಮೊಳೆ ಹದಿನೈದು ದಿನ ಬಂಧನದಲ್ಲಿ, ಪುಟದ ಲೆಕ್ಕದಲ್ಲಿ ಕೂಲಿ ಪಡೆಯುವವನಾದರೆ ಅವನ ಕೈ ಖಾಲಿ. ಸಾಹಿತಿಗಳ ತಡದ ಬಗ್ಗೆ ರಸವತ್ತಾದ ಪ್ರಸಂಗಗಳು ಬೇಕಾದಷ್ಟಿವೆ. ಅದರ ಬೆಲೆ ತೆತ್ತವರ ಪ್ರಸಂಗಗಳು ಮಾತ್ರ ಕೇಳಸಿಗುವುದಿಲ್ಲ.

ಸಾಲು ಬಿಗಿ ಮಾಡುವುದರಲ್ಲೂ ಜಾಣತನವಿದೆ. ಪದಗಳ ನಡುವೆ ದಪ್ಪ, ನಡುಗಾತ್ರ, ತೆಳು ಎಂದು ಬೇರೆ ಬೇರೆ ಅಳತೆಯ ಸ್ಪೇಸು, ಅಂದರೆ ಅಕ್ಷರವಿಲ್ಲದ ಮೊಳೆ, ಹಾಕಿ ಪ್ರತಿ ಸಾಲನ್ನೂ ಒಂದೇ ಅಳತೆಗೆ ತರಬೇಕು. ಒಂದು ಸಾಲು ಸಡಿಲ ಉಳಿದರೆ ಪುಟ ಎತ್ತುವಾಗ ಮೊಳೆ ಉದುರುತ್ತದೆ. ಉದುರದಿದ್ದರೆ ಯಂತ್ರದ ಕುಲುಕಿಗೆ ಸ್ಪೇಸು ಮೇಲೆದ್ದು ಅಕ್ಷರಗಳ ನಡುವೆ ಕರಿಯ ಚೌಕವಾಗಿ ಮೂಡುತ್ತದೆ. ಹಳೆಯ ಪುಸ್ತಕಗಳಲ್ಲಿ ಅಂಥ ಚೌಕಗಳನ್ನು ಈಗಲೂ ನೋಡಬಹುದು.

ಅಚ್ಚಾದ ಮೇಲೆ ಮಡಿಕೆ. ಪ್ರತಿ ಹಾಳೆಗೆ ಮೂರು ಸಲ, ಅಂದರೆ 10,000 ಹಾಳೆಗೆ 30,000 ಮಡಿಕೆ. ಆಮೇಲೆ ಫಾರಂಗಳನ್ನು ಕ್ರಮವಾಗಿ ಕೂಡಿಸಿ, ಮಡಿಕೆಯ ನಡುವೆ ಸೂಜಿ ಹಾಯಿಸಿ ಹೊಲಿಯಬೇಕು. ಒಂದು ಪ್ರತಿಗೆ ಹತ್ತು, ಸಾವಿರ ಪ್ರತಿಗೆ ಹತ್ತು ಸಾವಿರ ಫಾರಂ ಹೊಲಿಗೆ. ಬೆನ್ನಿಗೆ ಮೈದಾ ಅಂಟು, ಹುಳ ಹಿಡಿಯದಿರಲಿ ಎಂದು ಅದರಲ್ಲಿ ಚೂರು ಮೈಲುತುತ್ತ. ಅರವತ್ತು ವರ್ಷದ ಹಿಂದಿನ ಪುಸ್ತಕ ಇವತ್ತಿಗೂ ಬಿಚ್ಚದೆ ನಿಂತಿದ್ದರೆ ಅದು ಈ ಹೊಲಿಗೆಯ ಪುಣ್ಯ. ಹೋದ ವರ್ಷ ಕೊಂಡ ಪುಸ್ತಕದ ಹಾಳೆ ಕೈಗೆ ಬರುವುದು ಬೆನ್ನು ಕತ್ತರಿಸಿ ಬರೀ ಅಂಟಿನ ಮೇಲೆ ನಿಲ್ಲಿಸಿದ್ದರಿಂದ.

ಇಷ್ಟು ಕೈಗಳಲ್ಲಿ ಪುಸ್ತಕದೊಳಗೆ ಹೆಸರಿರುವುದು ಯಾರದು? 1867ರ ಪುಸ್ತಕ ನೋಂದಣಿ ಕಾಯ್ದೆ ಮುದ್ರಕರ ಹೆಸರು, ಪ್ರಕಾಶಕರ ಹೆಸರು, ಸ್ಥಳ ಇವಿಷ್ಟನ್ನು ಪುಸ್ತಕದ ಮೇಲೆ ಹಾಕಬೇಕು ಎಂದಿತು. ಸರ್ಕಾರಕ್ಕೆ ಬೇಕಿದ್ದದ್ದು ಹೆಚ್ಚುಕಮ್ಮಿಯಾದರೆ ಯಾರನ್ನು ಹಿಡಿಯಬೇಕು ಎಂಬುದು. ಜೋಡಿಸಿದವನನ್ನು ಹಿಡಿಯುವ ಅಗತ್ಯ ಅದಕ್ಕಿರಲಿಲ್ಲ, ಹೆಸರು ಕೇಳಲಿಲ್ಲ. ಪ್ರಕಾಶಕರೂ ತಾವಾಗಿ ಹಾಕಲಿಲ್ಲ. ಹಾಗೆಂದು ಹೆಸರುಗಳು ಪೂರ್ತಿ ಕಳೆದುಹೋಗಿವೆ ಎಂದಲ್ಲ. ಎಲ್ಲಿ ಹುಡುಕಬೇಕು ಎಂದರೆ ಪ್ರೆಸ್ಸುಗಳ ಹಾಜರಿ ಪುಸ್ತಕ, ಕೂಲಿ ಬಟವಾಡೆಯ ಚೀಟಿ, ಹಳೆಯ ಕರಡಚ್ಚಿನ ಅಂಚು. ಕರಡಿನ ಅಂಚಿನಲ್ಲಿ ಯಾವ ಪುಟ ಯಾರು ಜೋಡಿಸಿದ್ದು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರೆ ಅದೇ ದಾಖಲೆ. ಇಂಥ ಕರಡುಗಳು ಲೇಖಕರ ಮನೆಯ ಅಟ್ಟದಲ್ಲಿ ಹಸ್ತಪ್ರತಿಯ ಜೊತೆ ಬಿದ್ದಿರುತ್ತವೆ. ಸ್ಮಾರಕ ಮಾಡುವವರು ಹಸ್ತಪ್ರತಿ ಎತ್ತಿಕೊಂಡು ಕರಡನ್ನು ರದ್ದಿಗೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ.

ಮೊಳೆಗಳು ಹೋದದ್ದು ಗುಜರಿಗೆ, ತೂಕದ ಲೆಕ್ಕದಲ್ಲಿ. ಉಳಿದ ಒಂದೆರಡು ಕೇಸನ್ನಾದರೂ ಭವನಗಳಲ್ಲಿ ಇಡುವುದಾದರೆ ಒಂದೆರಡು ಎಚ್ಚರಿಕೆ. ಮೊಳೆ ಎಂದರೆ ಸೀಸ, ತವರ, ಆಂಟಿಮನಿಯ ಮಿಶ್ರಣ. ಗಾಳಿಯಾಡದ ಮರದ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಮರದಿಂದ ಹೊರಡುವ ಆಮ್ಲದ ಆವಿಗೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಆ ಪುಡಿ ವಿಷ. ಕೈಯಲ್ಲಿ ಮುಟ್ಟಿದ ಮಕ್ಕಳಿಗೆ ಸಾಬೂನು ಹಚ್ಚಿ ತೊಳೆಯಲು ಹೇಳಬೇಕು, ಪುಡಿ ಎದ್ದ ಮೊಳೆಯನ್ನು ಮುಟ್ಟಲು ಕೊಡಲೇಬಾರದು. ಮತ್ತು ಮೊಳೆಗಳನ್ನು ಅ, ಆ, ಇ, ಈ ಕ್ರಮದಲ್ಲಿ ಚೆಂದಗೆ ಹೊಂದಿಸಿಡಬೇಡಿ. ಕೇಸು ಬಳಕೆಯಲ್ಲಿದ್ದಾಗ ಹೇಗಿತ್ತೋ ಹಾಗೇ ಇರಲಿ. ಹೆಚ್ಚು ಬೇಕಾದ ಅಕ್ಷರ ಕೈಗೆ ಹತ್ತಿರ, ಅಪರೂಪದ್ದು ದೂರ, ಆ ವಿನ್ಯಾಸದಲ್ಲೇ ಕೆಲಸದವನ ತಿಳಿವಳಿಕೆ ಇದೆ.

ಇನ್ನು ಹಾಡಿನ ವಿಷಯ. ಕವಿಗೋಷ್ಠಿಗಳ ಊರು ಎಂದು ಧಾರವಾಡ ಹೆಸರಾಗುವ ಮುಂಚೆಯೇ ಈ ಸೀಮೆಯಲ್ಲಿ ರಾತ್ರಿಯಿಡೀ ನಡೆಯುವ ಕವಿಗೋಷ್ಠಿ ಇತ್ತು. ಅದರ ಹೆಸರು ಹರದೇಶಿ-ನಾಗೇಶಿ. ಹರದೇಶಿ ಮೇಳ ಗಂಡು ಹೆಚ್ಚೆಂದು ವಾದಿಸುತ್ತದೆ, ನಾಗೇಶಿ ಮೇಳ ಹೆಣ್ಣು ಹೆಚ್ಚೆಂದು. ಸವಾಲು ಪದದಲ್ಲಿ, ಅಂದರೆ ಹಾಡಿನಲ್ಲಿ, ಜವಾಬೂ ಪದದಲ್ಲಿ. ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ, ಪಕ್ಕದಲ್ಲಿ ತುಂತುಣಿ ಎಂಬ ತಂತಿವಾದ್ಯ, ತಾಳ, ಹಿಂದಿನಿಂದ ಗೀಯ ಗೀಯ ಎಂದು ಎತ್ತಿಕೊಳ್ಳುವ ಹಿಮ್ಮೇಳ. ಹಗಲು ಹೊಲದಲ್ಲಿ, ಹಮಾಲಿಯಲ್ಲಿ, ಗೌಂಡಿ ಕೆಲಸದಲ್ಲಿ ಇದ್ದವರೇ ರಾತ್ರಿ ಹಾಡುವವರು, ಕೇಳುವವರೂ ಅವರೇ. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹೆಜ್ಜೆ ಹಾಕಿ ಹೇಳುವ ರಿವಾಯತ್ ಪದಗಳು ಇನ್ನೊಂದು ಭಂಡಾರ. ಅಲ್ಲಿ ಹಾಡುವವರಲ್ಲಿ ಮುಸಲ್ಮಾನರೂ ಇದ್ದಾರೆ, ಹಿಂದೂಗಳೂ ಇದ್ದಾರೆ. ಲಾವಣಿಯ ಧಾಟಿ, ತ್ರಿಪದಿಯ ನಡಿಗೆ ನವೋದಯದ ಕಾವ್ಯದೊಳಗೆ ಹೇಗೆ ಹರಿದು ಬಂತು ಎಂಬುದರ ಮೇಲೆ ಪ್ರಬಂಧಗಳು ಬೇಕಾದಷ್ಟು ಬಂದಿವೆ. ಆದರೆ ಆ ಪ್ರಬಂಧಗಳಲ್ಲಿ ಕವಿಗೆ ಹೆಸರಿರುತ್ತದೆ, ಲಾವಣಿಗೆ 'ಜನಪದ' ಎಂಬ ಒಂದೇ ಹಣೆಪಟ್ಟಿ.

ಇದು ಹೇಗಾಯಿತು ಎಂಬುದಕ್ಕೆ ತೀರ ಸಾಮಾನ್ಯವಾದ ಕಾರಣವೊಂದಿದೆ. ಲಾವಣಿ ಕಟ್ಟಿದವರು ತಮ್ಮ ಹೆಸರನ್ನೂ ಊರನ್ನೂ ಗುರುವಿನ ಹೆಸರನ್ನೂ ಹಾಕುವುದು ಕೊನೆಯ ಚೌಕಿನಲ್ಲಿ, ಅಂದರೆ ಕೊನೆಯ ನುಡಿಯಲ್ಲಿ. ವೇದಿಕೆಯ ಮೇಲೆ 'ಹತ್ತು ನಿಮಿಷದಲ್ಲಿ ಮುಗಿಸ್ರಿ' ಎಂದು ಚೀಟಿ ಹೋಗುತ್ತದೆ. ಮೇಳದವರು ಮೊದಲಿನ ಎರಡು ನುಡಿ ಹಾಡಿ ಕೈಮುಗಿಯುತ್ತಾರೆ. ಧ್ವನಿ ಮುದ್ರಿಸುವವರೂ ಅಷ್ಟನ್ನೇ ಮುದ್ರಿಸಿಕೊಳ್ಳುತ್ತಾರೆ. ಅಂಕಿತವಿದ್ದ ಕೊನೆ ಕತ್ತರಿಸಿ ಹೋಯಿತು, ಪದ ಅನಾಮಿಕವಾಯಿತು. ಹಾಡಿದವರು ಹೆಸರು ಹೇಳಲಿಲ್ಲ ಎಂದಲ್ಲ, ಹೇಳುವ ಹೊತ್ತಿಗೆ ನಾವು ಮೈಕು ಆರಿಸಿದೆವು.

ಆದ್ದರಿಂದ ದಾಖಲೆ ಮಾಡುವವರಿಗೆ ನಮ್ಮ ಸಲಹೆಗಳು. ಪದವನ್ನು ಬಿಡಿಯಾಗಿ ಅಲ್ಲ, ಸವಾಲು ಜವಾಬು ಎರಡನ್ನೂ ಸೇರಿಸಿ ಮುದ್ರಿಸಿ. ಜವಾಬಿಲ್ಲದ ಸವಾಲು ಅರ್ಧ ಸಂಭಾಷಣೆ, ಅದನ್ನು ಓದಿದ ವಿದ್ಯಾರ್ಥಿಗೆ ಹೆಣ್ಣನ್ನು ಹೀಗಳೆಯುವ ಪದ್ಯವೊಂದೇ ಕಾಣುತ್ತದೆ, ಅದಕ್ಕೆ ಬಿದ್ದ ಪೆಟ್ಟು ಕಾಣುವುದಿಲ್ಲ. ಮೈಕನ್ನು ದಪ್ಪಿನ ಎದುರಿಗೆ ಇಡಬೇಡಿ, ಮಾತು ಮುಳುಗುತ್ತದೆ. ಮುಖ್ಯ ಹಾಡುಗಾರರ ಬಾಯಿಯಿಂದ ಒಂದು ಮೊಳ ದೂರದಲ್ಲಿ, ದಪ್ಪು ಹಿಡಿಯದ ಮಗ್ಗುಲಲ್ಲಿ ಒಂದು, ಹಿಮ್ಮೇಳಕ್ಕೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಉಳಿಸಿಕೊಳ್ಳಿ. ಹಾಡು ಮುಗಿದ ಮೇಲೆ ಪದದ ಸಾಹಿತ್ಯವನ್ನು ಹಾಡದೆ ಒಮ್ಮೆ ಬರೀ ಮಾತಿನಲ್ಲಿ ಹೇಳಿಸಿ ಕೇಳಿ. ಹಾಡುವಾಗ ಎಳೆದ ಸ್ವರದಲ್ಲಿ ಕರಗಿದ ಶಬ್ದ ಆಗ ಬಿಡಿಸಿಕೊಳ್ಳುತ್ತದೆ. ಮನೆಯಲ್ಲಿ ಪದದ ವಹಿ ಇದ್ದರೆ ಅದರ ಪ್ರತಿ ಪುಟದ ಫೋಟೊ ತೆಗೆಯಿರಿ, ವಹಿಯನ್ನು ಮಾತ್ರ ಅವರ ಮನೆಯಲ್ಲೇ ಬಿಡಿ. ಕಾಗುಣಿತ ತಿದ್ದಬೇಡಿ. ಪದ ಕಟ್ಟುವವನನ್ನು 'ಶಾಹೀರ' ಎಂದೋ 'ಸಾಯಿರ' ಎಂದೋ ವಹಿಯಲ್ಲಿ ಹೇಗಿದೆಯೋ ಹಾಗೆ. ಆಡುಮಾತಿನ ಚೆಲುವನ್ನು ಕವಿಯ ಪುಸ್ತಕದಲ್ಲಿ ಹೊಗಳಿ, ಹಮಾಲರ ವಹಿಯಲ್ಲಿ ಕೆಂಪು ಶಾಯಿಯಿಂದ ತಿದ್ದುವುದು ನ್ಯಾಯವಲ್ಲ. ಇನ್ನೂ ಒಂದು ಮಾತು: ಕಾರ್ಯಕ್ರಮಕ್ಕೆ ಕರೆಯುವಾಗ ಹಾಡುವವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಶಾಲು, ಹಾರ, ಫಲಪುಷ್ಪ ಆ ಕೂಲಿಗೆ ಸಮವಲ್ಲ. ಹೋಗಿಬರುವ ಖರ್ಚು ಮತ್ತು ದಿನದ ಸಂಭಾವನೆಯನ್ನು ವೇದಿಕೆಯಿಂದ ಇಳಿದ ಕೂಡಲೇ ಕೈಗೆ ಕೊಡಬೇಕು.

ಹೆಸರಿಲ್ಲದ ಕೆಲಸದ ಮೂರನೆಯ ಉದಾಹರಣೆ ಕಸೂತಿ. ಅದಕ್ಕೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ಧಾರವಾಡದ ಹೆಸರಿನ ಜೊತೆ ಅದರ ಹೆಸರೂ ಓಡಾಡುತ್ತದೆ. ಆದರೆ ಸೀರೆಯ ಸೆರಗಿನಲ್ಲಿ ಗೋಪುರ, ತೇರು, ಅಂಬಾರಿಯ ಆನೆ ನೋಡಿ 'ಎಷ್ಟು ಚೆಂದ' ಎನ್ನುವವರಿಗೆ ಅದರೊಳಗಿನ ಲೆಕ್ಕ ಗೊತ್ತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟ ಜಾಗವನ್ನು ವಾಪಸು ಬರುವಾಗ ತುಂಬುತ್ತದೆ. ಆದ್ದರಿಂದ ಬಟ್ಟೆಯ ಮೇಲೂ ಕೆಳಗೂ ಒಂದೇ ಚಿತ್ರ. ಮುರ್ಗಿ ಅದೇ ಕ್ರಮದಲ್ಲಿ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ದಂತೆ ಕಾಣುವ ಉದ್ದದ ಹೊಲಿಗೆ. ಮೆಂತೆ ಅಡ್ಡಡ್ಡ ಗುಣಾಕಾರದ ಹೊಲಿಗೆ, ಅದಕ್ಕೆ ದಾರ ಹೆಚ್ಚು ಬೇಕು, ಬಟ್ಟೆ ಭಾರವಾಗುತ್ತದೆ.

ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಬೇಕು. ಮೂರೆಳೆಗೊಂದೋ ನಾಲ್ಕೆಳೆಗೊಂದೋ ಹೊಲಿಗೆ ಎಂದು ಮೊದಲು ಹಿಡಿದ ಲೆಕ್ಕವೇ ಕೊನೆತನಕ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಮೊದಲಿನ ಹೊಲಿಗೆಗಳ ಕೆಳಗೇ ಅಡಗಿಸಬೇಕು. ಹೋಗುವಾಗ ಎಲ್ಲಿ ಕವಲೊಡೆಯಬೇಕು, ಬರುವಾಗ ಯಾವ ಕವಲು ಮುಗಿಸಿ ಯಾವುದಕ್ಕೆ ತಿರುಗಬೇಕು ಎಂಬುದು ಸೂಜಿ ಚುಚ್ಚುವ ಮುಂಚೆಯೇ ತಲೆಯಲ್ಲಿ ಇರಬೇಕು, ಯಾಕೆಂದರೆ ಹೊರಟ ಜಾಗಕ್ಕೇ ಸೂಜಿ ಮರಳಬೇಕು. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೆ ಆಗ ಗೊತ್ತಾಗುವುದಿಲ್ಲ. ಇಡೀ ತೇರು ಸುತ್ತಿ ವಾಪಸು ಬಂದಾಗ ಕೊನೆಯ ಹೊಲಿಗೆ ಕೂಡುವುದಿಲ್ಲ. ಅಲ್ಲಿಯತನಕದ್ದನ್ನು ಬಿಚ್ಚುವುದೊಂದೇ ದಾರಿ. ಛಂದಸ್ಸಿನ ಮಾತ್ರೆ ಎಣಿಸುವುದನ್ನು ಪಾಂಡಿತ್ಯ ಎನ್ನುವ ಊರಿನಲ್ಲಿ ಎಳೆ ಎಣಿಸುವುದನ್ನು 'ಹೆಂಗಸರ ಬಿಡುವಿನ ಕೆಲಸ' ಎಂದು ಕರೆಯುತ್ತ ಬಂದಿದ್ದೇವೆ.

ಕೈಮಗ್ಗದ ಇಳಕಲ್ ಸೀರೆಯ ಎಳೆ ಕಣ್ಣಿಗೆ ಕಾಣುತ್ತದೆ. ನುಣುಪಾದ ಮಿಲ್ ಬಟ್ಟೆಯಲ್ಲಿ, ತೆಳು ರೇಷ್ಮೆಯಲ್ಲಿ ಕಾಣುವುದಿಲ್ಲ. ಅದಕ್ಕೇ ಮೇಲೊಂದು ಜಾಳು ಬಟ್ಟೆ ಇಟ್ಟು ಅದರ ಕಣ್ಣು ಎಣಿಸಿ ಹೊಲಿದು, ಆಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹೀಗೆ ಎಳೆಯುವಾಗ ಹೊಲಿಗೆ ಸಡಿಲವಾಗಿದ್ದರೆ ಜೊತೆಗೇ ಕಿತ್ತು ಬರುತ್ತದೆ. ಕೊಳ್ಳುವವರಿಗೆ ಸುಲಭದ ಪರೀಕ್ಷೆ: ಸೆರಗು ತಿರುವಿ ನೋಡಿ. ಗವಂತಿಯ ಜಾಗದಲ್ಲಿ ಹಿಂದೆ ಗಂಟು, ಅಡ್ಡಾದಿಡ್ಡಿ ದಾರ ಕಂಡರೆ ಅದು ಯಂತ್ರದ್ದು ಅಥವಾ ಅಚ್ಚು ನೋಡಿ ಹೊಲಿದದ್ದು. ಅಂಗಡಿಯಲ್ಲಿ ಚೀಟಿಯ ಮೇಲೆ ಬೆಲೆ ಇರುತ್ತದೆ, ಸಂಘದ ಹೆಸರಿರುತ್ತದೆ, ಹೊಲಿದವರ ಹೆಸರು ಮತ್ತು ಹಿಡಿದ ದಿನಗಳ ಲೆಕ್ಕ ಇರುವುದಿಲ್ಲ. ಎರಡು ಸಾಲು ಹೆಚ್ಚು ಅಚ್ಚು ಹಾಕಿಸಿದರೆ ಆಯಿತು.

ಉಳಿದವನ್ನು ಬೇಗ ಹೇಳುತ್ತೇವೆ. ಲೈನ್ ಬಜಾರಿನ ಪೇಢಾಕ್ಕೆ ಅದನ್ನು ತಂದ ಠಾಕೂರ್ ಮನೆತನದ ಹೆಸರು ಹತ್ತಿದೆ, ಅದು ಸರಿಯೇ. ಆದರೆ ಒಂದು ಕಿಲೋ ಖವಾಕ್ಕೆ ಸುಮಾರು ಐದು ಲೀಟರ್ ಎಮ್ಮೆ ಹಾಲು ಬೇಕು, ಆ ಹಾಲು ಗೌಳಿಗರ ದೊಡ್ಡಿಯಿಂದ ಬರಬೇಕು. ಖವಾಕ್ಕೆ ಸಕ್ಕರೆ ಸೇರಿಸಿ, ಚೂರು ಚೂರೇ ಹಾಲು ಚಿಮುಕಿಸುತ್ತ ಸಣ್ಣ ಉರಿಯಲ್ಲಿ ಕಂದುಬಣ್ಣಕ್ಕೆ ತಿರುಗುವತನಕ ಕೈಬಿಡದೆ ಹುರಿಯಬೇಕು. ಉರಿ ಹೆಚ್ಚಿಸಿದರೆ ತಳ ಸೀದು ಕಹಿಯಾಗುತ್ತದೆ, ಒಳಗೆ ಮಾತ್ರ ಬಿಳಿಯೇ ಉಳಿಯುತ್ತದೆ. ಬೇಗ ಇಳಿಸಿದರೆ ತೇವ ಉಳಿದು ಎರಡೇ ದಿನಕ್ಕೆ ಹುಳಿ ವಾಸನೆ. ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಎಂಬ ಮಾನ್ಯತೆ ಸಿಕ್ಕಿತು. ಎಮ್ಮೆಗೆ ಹೆಸರು ಸಿಕ್ಕಿತು, ಕಾಯ್ದವರಿಗೆ ಇನ್ನೂ ಸಿಕ್ಕಿಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಆರಂಭವಾದ ಖಾದಿ ಸಂಯುಕ್ತ ಸಂಘದಲ್ಲಿ, ರಾಷ್ಟ್ರಧ್ವಜ ತಯಾರಾಗುತ್ತದೆ. ಒಂಬತ್ತು ಅಳತೆ, ದೊಡ್ಡದು 6300 ಮಿಲಿಮೀಟರ್‌ಗೆ 4200, ಚಿಕ್ಕದು 150ಕ್ಕೆ 100. ಯಾವ ಅಳತೆಯಾದರೂ ಉದ್ದ ಅಗಲ ಮೂರಕ್ಕೆ ಎರಡು. ಚಕ್ರದ 24 ಗೆರೆಗಳು ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು, ಕೂದಲೆಳೆ ಸರಿದರೂ ಬೆಳಕಿಗೆ ಹಿಡಿದಾಗ ಜೋಡಿ ಗೆರೆ ಕಾಣುತ್ತದೆ, ಆ ಬಟ್ಟೆ ಅಲ್ಲಿಗೆ ತಿರಸ್ಕೃತ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿ ಪಾಲಿಯೆಸ್ಟರ್ ಮತ್ತು ಯಂತ್ರದ ಧ್ವಜಕ್ಕೆ ಅವಕಾಶ ಕೊಟ್ಟ ಮೇಲೆ ಈ ಕೈಗಳ ಪೈಪೋಟಿ ಯಂತ್ರದೊಂದಿಗೆ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್ 1885ರದು, ವಿದ್ಯಾವರ್ಧಕ ಸಂಘಕ್ಕಿಂತ ಐದು ವರ್ಷ ಹಿರಿದು. ರೈಲಿನ ಕೆಲಸ ಹುಬ್ಬಳ್ಳಿಗೆ ತೆಲುಗು, ತಮಿಳು ಮಾತಾಡುವವರನ್ನೂ ಆಂಗ್ಲೋ ಇಂಡಿಯನ್ನರನ್ನೂ ಕರೆತಂದಿತು. ಉರ್ದು, ಮರಾಠಿ ಮೊದಲೇ ಇದ್ದವು. ಆ ಓಣಿಗಳ ನಾಟಕ, ಭಜನೆ, ಬ್ಯಾಂಡು, ನೇಕಾರ ಸಾವಜಿಗಳ ಖಾನಾವಳಿ ಇವೆಲ್ಲ ಸೇರಿ ಆದ ಊರನ್ನು 'ವ್ಯಾಪಾರದ ಊರು' ಎಂಬ ಎರಡೇ ಪದದಲ್ಲಿ ಮುಗಿಸುತ್ತೇವೆ.

ಕಡೆಗೆ ಫಲಕದ ವಿಷಯ, ಅದಕ್ಕೇ ಈ ಪತ್ರ. ಮುಂದೆ ಈ ಅವಳಿ ಊರುಗಳಲ್ಲಿ ಸಾಹಿತ್ಯದ ಹೆಸರಿನಲ್ಲಿ ಯಾವುದೇ ಫಲಕ ನಿಲ್ಲಿಸುವುದಾದರೆ ಇವಿಷ್ಟು ಗಮನದಲ್ಲಿರಲಿ. ಹತ್ತಡಿ ದೂರದಿಂದ ಆರಾಮಾಗಿ ಓದಲು ಅಕ್ಷರ ಒಂದು ಅಂಗುಲವಾದರೂ ಎತ್ತರ ಬೇಕು. ಕನ್ನಡದ ಸಾಲಿಗೆ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷ್ ಅಳತೆಯಲ್ಲಿ ಸಾಲು ಕೂಡಿಸಿದರೆ ಮೇಲಿನ ಒತ್ತೂ ಕೆಳಗಿನ ಗುಡಿಸೂ ಡಿಕ್ಕಿ ಹೊಡೆಯುತ್ತವೆ. ಸಾಲುಗಳ ನಡುವೆ ಅಕ್ಷರದೆತ್ತರದ ಮುಕ್ಕಾಲು ಪಾಲಾದರೂ ಜಾಗ ಬಿಡಿ. ಅರವತ್ತು ಪದ ಮೀರಿದರೆ ನಿಂತು ಓದುವವರಿಲ್ಲ. ಗ್ರಾನೈಟಿನಲ್ಲಿ ಕೆತ್ತಿಸಬೇಡಿ. ಕೆತ್ತಿದ ಮೇಲೆ ಹೆಸರು ಸೇರಿಸಲು ಬರುವುದಿಲ್ಲ, ಇಲ್ಲಿ ಹೆಸರುಗಳು ಇನ್ನೂ ಸಿಗಬೇಕಿದೆ. ಬಣ್ಣ ಹೊಡೆದ ದಪ್ಪ ತಗಡು ಸಾಕು, ಅದನ್ನು ಬರೆಯಲು ಊರಿನ ಬೋರ್ಡ್ ಪೇಂಟರುಗಳನ್ನೇ ಕರೆಯಿರಿ, ಮೂಲೆಯಲ್ಲಿ ಅವರೂ ಸಹಿ ಹಾಕಲಿ.

ಹಳೆಯ ಛಾಪಖಾನೆ ಇದ್ದ ಯಾವುದಾದರೂ ಓಣಿಯ ತಿರುವಿಗೆ ಹಾಕಬಹುದಾದ ಒಂದು ಕರಡನ್ನು ಇಲ್ಲಿ ಕೊಟ್ಟಿದ್ದೇವೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು:

"ಈ ಓಣಿಯಲ್ಲಿ ಕನ್ನಡದ ಪುಸ್ತಕಗಳು ಅಚ್ಚಾಗುತ್ತಿದ್ದವು. ಒಂದು ಪುಟಕ್ಕೆ ಮೂರು ಕಿಲೋಗೂ ಮಿಕ್ಕಿ ಸೀಸ, ಒಂದು ಹಾಳೆಗೆ ಮೂರು ಮಡಿಕೆ, ಒಂದು ಪುಸ್ತಕಕ್ಕೆ ಹತ್ತು ಹೊಲಿಗೆ.
ಮೊಳೆ ಜೋಡಿಸಿದವರು:
ಅಚ್ಚು ಹಾಕಿದವರು:
ಮಡಿಸಿ ಹೊಲಿದವರು:
ನಿಮ್ಮ ಮನೆಯಲ್ಲಿ ಈ ಕೆಲಸ ಮಾಡಿದವರಿದ್ದರೆ ಹೆಸರು ತಿಳಿಸಿ, ಕೆಳಗೆ ಜಾಗವಿದೆ."

ಆ ಜಾಗ ಕನಿಷ್ಠ ಎರಡು ಅಡಿ ಇರಲಿ.

ಇಂತಿ,
ಛಾಪಖಾನೆ, ಪದ ಮತ್ತು ಕಸೂತಿಯ ಕೆಲಸ ಬಲ್ಲ ಕೆಲವು ಓದುಗರು,
ಹುಬ್ಬಳ್ಳಿ-ಧಾರವಾಡ